ಟಗರಿನ ಗಂಟೆ

ಮಧ್ಯಾಹ್ನ ಎರಡೂವರೆಗೆ ಸೋದರತ್ತೆಯ ಸೊಂಟದ ಗಂಟೆ ನಿಂತುಹೋಯಿತು. ಈಗಲೂ ದಾರಿಯಲ್ಲಿ ಕುರಿಮಂದೆಯ ಗಂಟೆ ತಟ್ಟನೆ ನಿಂತರೆ ನನ್ನ ಉಸಿರೂ ನಿಲ್ಲುತ್ತದೆ.

ಪಾಪಿರೆಡ್ಡಿಪಟ್ಟಿಯ ಮೇಲಿನ ಬೆಟ್ಟದಲ್ಲಿ ನಮ್ಮೂರು. ತಾತ ಚಿಕ್ಕವನಿದ್ದಾಗ ಬಂಡೆ ಕೆಳಗಿನ ಒರತೆಗೆ ಬಾಯಿಟ್ಟೇ ಕುಡಿಯುತ್ತಿದ್ದರಂತೆ. ಮಳೆ ತಪ್ಪುತ್ತಾ ಬಂದಂತೆ ನೀರು ಕೆಳಗಿಳಿಯಿತು. ಬೇಸಿಗೆಗೊಮ್ಮೆ ತೋಡುತ್ತಾ ನಾವೂ ಅದರ ಹಿಂದೆ ಹೋದೆವು. ಕೊನೆಗೆ ಸಣಕಲು ಮೈಯವರಷ್ಟೇ ಇಳಿಯಬಹುದಾದ ಗುಂಡಿ ಉಳಿಯಿತು. ಇಳಿದವರ ಕಂಕುಳಿಗೆ ಹಗ್ಗ, ಸೊಂಟಕ್ಕೆ ಟಗರಿನ ಗಂಟೆ. ತೆಂಗಿನ ಚಿಪ್ಪಿನಲ್ಲಿ ನೀರು ಮೊಗೆದು ಬಿಂದಿಗೆಗೆ ತುಂಬುವಾಗ ಅದು ಅಲುಗುತ್ತಿದ್ದರೆ ಮೇಲಿನವರಿಗೆ ನೆಮ್ಮದಿ.

"ಅಪ್ಪಾ, ಇಲ್ಲಿ ತಂಪಾಗೈತೆ. ನಾನ್ ಮೇಲಕ್ ಬರಾಕಿಲ್ಲ, ಬಿಸ್ಲಲ್ಲಿ ನೀವೇ ಬೇಯ್ರಿ," ಎಂದಳು ಅತ್ತೆ, ಆ ದಿನ ಗುಂಡಿಯೊಳಗಿಂದ.

"ಬಾಯ್ ಮುಚ್ಕೊಂಡ್ ಮೊಗಿಯಮ್ಮೀ," ಎಂದ ತಾತ.

ಅಷ್ಟರಲ್ಲಿ ಗುಂಡಿಯ ಗೋಡೆ ಕುಸಿಯಿತು. ಅವ್ವ ಕಿರುಚಿದಳು.

"ಸುಮ್ಕಿರಿ ಎಲ್ಲಾ!" ತಾತ ಹಗ್ಗ ಬಿಗಿಹಿಡಿದು ಕಿವಿಗೊಟ್ಟ. ಮಣ್ಣಿನೊಳಗಿಂದ ಒಂದೇ ಸಲ, ಮೆಲ್ಲಗೆ, ಗಂಟೆ ಅಲುಗಿತು. "ಉಸ್ರೈತೆ! ಎಳೀರ್‍ಲಾ!"

ಮೈಯೆಲ್ಲ ಕೆಸರಾಗಿ ಮೇಲೆ ಬಂದ ಅತ್ತೆಯ ಮೊದಲ ಮಾತು, "ಬಿಂದ್ಗೆ ಒಳ್ಗೇ ಓಯ್ತಲ್ಲಪ್ಪಾ."

ಆಮೇಲೆ ಸೊಂಟದಲ್ಲಿ ಗಂಟೆಯಿಲ್ಲದೆ ಅವಳು ಮಲಗುತ್ತಿರಲಿಲ್ಲ. ಅದರ ಸದ್ದು ಕೇಳದಿದ್ದರೆ ನಾವು ಎದ್ದು ಅವಳ ಮೂಗಿನ ಬಳಿ ಕೈಯಿಡುತ್ತಿದ್ದೆವು.

ಊರವರು ಮನೆಗೊಬ್ಬರಂತೆ ಸೇರಿ ಇಳಿಜಾರನ್ನೇ ಅಗೆದು, ನೀರಿನವರೆಗೂ ನಡೆದುಹೋಗುವಂತೆ ಕಲ್ಲಿನ ಮೆಟ್ಟಿಲು ಕಟ್ಟಿದರು. ಕೆಲಸ ಮುಗಿದ ದಿನ ಅತ್ತೆ ತುಂಬಿದ ಬಿಂದಿಗೆ ಹೊತ್ತು ಮೆಟ್ಟಿಲು ಹತ್ತಿ ಬಂದಳು; ಗಂಟೆ ಬಿಚ್ಚಿ ಟಗರಿನ ಕೊರಳಿಗೆ ಕಟ್ಟಿದಳು.

ಅದು ರಾತ್ರಿಯೆಲ್ಲಾ ಹಟ್ಟಿಯಲ್ಲಿ ಅಲುಗುತ್ತಿತ್ತೆಂದು ಬೆಳಿಗ್ಗೆ ಪಕ್ಕದ ಮನೆಯವರು ಬೈದರು. ನಮ್ಮ ಮನೆಯಲ್ಲಿ ಯಾರಿಗೂ ಎಚ್ಚರವಾಗಿರಲಿಲ್ಲ.