ಎಡತೋಳಿನ ದಾರ

ತೋಳಿನ ಸುತ್ತಳತೆಯ ಪಟ್ಟಿ ಹಳದಿಯಲ್ಲಿ ನಿಂತಿತು. ವೇಣಿ ನಂಬಲಾರದೆ ಬಿಚ್ಚಿ, ಮಗುವಿನ ಎಡತೋಳಿಗೆ ಇನ್ನೊಂದು ಸಲ ಸುತ್ತಿ ನೋಡಿದಳು. ಮತ್ತೆ ಹಳದಿಯೇ. ಹೋದ ತಿಂಗಳೂ ಹಳದಿ, ಅದರ ಹಿಂದಿನ ತಿಂಗಳೂ ಹಳದಿ. ಹಸಿರು ಬಂದರೆ ಮಗು ಗಟ್ಟಿ, ಹಳದಿ ಬಂದರೆ ತಾಯಿಗೆ ಬುದ್ಧಿಮಾತು, ಕೆಂಪು ಬಂದರೆ ಮಾತ್ರ ಆಸ್ಪತ್ರೆಗೆ ಗಾಡಿ. ಆದರೆ ಹೋದ ಸಲ ಅವಳ ಕೈಯಿಂದ ಪೆನ್ನು ಕಿತ್ತುಕೊಂಡಿದ್ದ ಪುಟ್ಟ ಮಾಳಿಂಗ ಇವತ್ತು ರೆಪ್ಪೆಯ ಮೇಲೆ ನೊಣ ಕೂತರೂ ಅಲುಗಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಸಂಶೋಧನೆಯವರಿಗೆ ಬೇಕೇ ಬೇಕು.

ವರ್ತೂರು ಕೆರೆಯಂಚಿಗೆ, ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ತಾಗಿಕೊಂಡೇ ನರಸಪ್ಪನ ಹೊಲ. ಗೊಬ್ಬರವಾಗಲಿ ಎಂದು ಅವನು ಅಲ್ಲಿ ಕುರಿ ನಿಲ್ಲಿಸಿಕೊಂಡಿದ್ದ. ಕುರಿಯ ಜೊತೆ ಬಂದ ಯಾದಗಿರಿ ಕಡೆಯ ನಾಲ್ಕು ಸಂಸಾರಗಳಲ್ಲಿ ಮಾಳಿಂಗನ ತಾಯಿ ಬಸಕ್ಕನದೂ ಒಂದು. ಊರೂರು ತಿರುಗುವ ಕುರಿಗಾರರ ಮಕ್ಕಳು ಸೊರಗದಂತೆ ಏನು ಮಾಡಬಹುದೆಂದು ಅವರ ಜೊತೆಗೇ ಕೂತು ಕಂಡುಕೊಳ್ಳುವ ಅಧ್ಯಯನವೊಂದು ನಡೆದಿತ್ತು. ವರ್ತೂರಿನವಳೇ ಆದ ವೇಣಿ ಅದರ ಪರವಾಗಿ ತಿಂಗಳಿಗೊಮ್ಮೆ ಅಳತೆಗೆ ಬರುವವಳು.

ಮೊದಲ ದಿನ ಅವಳು ತಕ್ಕಡಿ ತಂದಾಗ ಹೆಂಗಸರೆಲ್ಲ ಮಕ್ಕಳನ್ನು ಸೆರಗಿನೊಳಗೆ ಅವಿತಿಟ್ಟುಕೊಂಡಿದ್ದರು. ತೂಕಕ್ಕೆ ಹಾಕಿದ ಮರಿ ಮಂದೆಗೆ ತಿರುಗಿ ಬರುವುದುಂಟೇ? ಅದು ಕಟುಕನ ಪಾಲು. ಎರಡು ಸಭೆ ಕೂಡಿ, ಎರಡು ಸುತ್ತು ಚಹಾ ಕುಡಿದ ಮೇಲೆ ತಕ್ಕಡಿ ಬೇಡ, ತೋಳಿನ ಪಟ್ಟಿ ಸಾಕು ಎಂದು ತೀರ್ಮಾನವಾಯಿತು. ಅವರ ನಂಬಿಕೆಗೆ ಕೈ ಹಾಕಬೇಡಿ ಎಂದು ತರಬೇತಿಯಲ್ಲಿ ಹೇಳಿದ್ದನ್ನು ವೇಣಿ ಚಾಚೂ ತಪ್ಪದೆ ಪಾಲಿಸಿದಳು. ಮಾಳಿಂಗನ ಎಡತೋಳಿನಲ್ಲಿ ಬೀರದೇವರ ಕರಿ ಉಣ್ಣೆಯ ದಾರವಿತ್ತು. ಫಾರಂನಲ್ಲೂ ಎಡತೋಳೆಂದೇ ಇತ್ತು. ದಾರದ ಮೇಲೆಯೇ ಅಳೆದುಕೊಂಡು ಬಂದಳು. ಒಂದೆಳೆ ದಾರದಿಂದ ಏನು ಮಹಾ?

ವೇಣಿ ಮೇಲಿನವರಾದ ಭಾನುಪ್ರಕಾಶ್‌ಗೆ ಫೋನು ಮಾಡಿದಳು. ಮಗುವಿಗೆ ತಿಂಗಳಿಂದ ಭೇದಿ ನಿಂತಿಲ್ಲ, ಅಳುವುದಕ್ಕೂ ತ್ರಾಣವಿಲ್ಲ, ಗಾಡಿ ಕಳಿಸಿ ಎಂದಳು. ಅವರು ಕೆಟ್ಟವರೇನಲ್ಲ. ಆದರೆ ಇದ್ದದ್ದು ಒಂದೇ ಗಾಡಿ, ಕಾಯುವ ಬಿಡಾರಗಳು ಹನ್ನೊಂದು.

"ರೀಡಿಂಗ್ ಎಷ್ಟಿದೆ?"

"ಹನ್ನೊಂದೂ ಮುಕ್ಕಾಲು ಸೆಂಟಿಮೀಟರ್ ಸಾರ್, ಹಳದಿ. ಆದ್ರೆ ಮಗೂನ ನೋಡಿದ್ರೆ..."

"ನೋಡಿದ್ರೆ ಅನ್ನೋ ಕಾಲಂ ಫಾರಂನಲ್ಲಿ ಇಲ್ವಲ್ಲಮ್ಮ. ಕೆಂಪು ಬಂದ್ರೆ ಹೇಳಿ, ತಕ್ಷಣ ಕಳಿಸ್ತೀನಿ."

ವೇಣಿಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಎಂದು ಗೊತ್ತಾಗದೆ ಮಗುವಿನ ತೋಳನ್ನೇ ಹಿಡಿದು ಕೂತಳು. ಆಗ ಬೆರಳಿಗೆ ಸಿಕ್ಕಿದ್ದು ದಾರ. ಅದು ದಾರವಾಗಿ ಉಳಿದಿರಲಿಲ್ಲ, ಹೆಬ್ಬೆರಳಗಲದ ದಪ್ಪ ಪಟ್ಟಿಯಾಗಿತ್ತು. ಇಷ್ಟು ದಪ್ಪ ಯಾವಾಗ ಆಯಿತು ಎಂದು ಕೇಳಿದಳು.

ಬಸಕ್ಕ ಉಣ್ಣೆ ನೂಲುತ್ತಿದ್ದ ತಕಲಿಯನ್ನು ಪಕ್ಕಕ್ಕಿಟ್ಟಳು. "ಮದಲ ಒಂದ ಎಳಿ ಇತ್ರಿ ಅಕ್ಕಾರ. ಜವಳದ ಕೂದ್ಲ ತೆಗಿಯೂತನಾ ದೇವ್ರ ದಾರ ಕೈಯಿಂದ ಜಾರಬಾರ್ದು. ಇದು ಸಡ್ಲ ಆಕ್ಕೋತ ಬಂತು, ನಾ ನೂತು ಸುತ್ತಿಕೋತ ಬಂದೆ. ನೀವೂ ಹಳದಿ ಐತಿ, ಹೆದರಬ್ಯಾಡ ಅಂದ್ರಿ."

ವೇಣಿ ದಾರದ ಗಂಟಿಗೆ ಬೆರಳು ತೋರಿಸಿದಳು. ಬಿಚ್ಚು ಎಂದಳು. ಬಸಕ್ಕ ತಲೆಯಾಡಿಸಿದಳು. ಬಿಚ್ಚಿದರೆ ಗಾಡಿ ಬರುತ್ತದೆ, ಆಸ್ಪತ್ರೆಯಲ್ಲಿ ಮಗು ಉಳಿಯುತ್ತದೆ ಎಂದು ವೇಣಿ ಗೋಗರೆದಳು. ಬಸಕ್ಕ ಬಹಳ ಹೊತ್ತು ಮಗನ ಮುಖ ನೋಡಿ, ತನ್ನ ಕೈಯಿಂದ ಆಗದು, ನೀವೇ ಬಿಚ್ಚಿ ಎಂದು ಮುಖ ತಿರುಗಿಸಿದಳು. ವೇಣಿ ಬಿಚ್ಚಿದಳು. ಸುತ್ತು ಮುಗಿಯಲೊಲ್ಲದು. ಇಪ್ಪತ್ತಮೂರು ಸುತ್ತಿನ ಕೆಳಗೆ ಅವಳ ಹೆಬ್ಬೆರಳಿಗಿಂತ ತುಸುವೇ ದಪ್ಪಗಿನ ಒಂದು ತೋಳು ಸಿಕ್ಕಿತು. ಪಟ್ಟಿ ಕೆಂಪನ್ನೂ ದಾಟಿ ಒಳಕ್ಕೆ ಹೋಯಿತು.

ಭಾನುಪ್ರಕಾಶ್ ಮಾತಿಗೆ ತಪ್ಪಲಿಲ್ಲ. ಗಾಡಿ ತಕ್ಷಣ ಹೊರಟಿತು, ಹೊಲಕ್ಕೆ ಬರಲು ಒಂದೂವರೆ ಗಂಟೆ ಹಿಡಿಯಿತು. ಹತ್ತುವಾಗ ಬಸಕ್ಕ ಕೇಳಿದ್ದು ಒಂದೇ ಮಾತು. "ಅಲ್ಲಿ ತೂಗತಾರೇನ್ರಿ?" ಇಲ್ಲ ಎಂದು ವೇಣಿ ಸುಳ್ಳು ಹೇಳಿದಳು.

ವರ್ತೂರು ಕೋಡಿಯಲ್ಲಿ ಆಫೀಸು ಬಸ್ಸುಗಳ ನಡುವೆ ಗಾಡಿ ಸಿಕ್ಕಿಕೊಂಡಿತು. ಮುಂದಿನ ಬಸ್ಸಿನ ಡ್ರೈವರ್ ಇಂಜಿನ್ ನಿಲ್ಲಿಸಿ ಫೋನು ನೋಡುತ್ತಿದ್ದ. ಮಗುವಿನ ಕತ್ತು ಒಂದು ಕಡೆಗೆ ವಾಲಿತು. ಬಸಕ್ಕ ಅದನ್ನು ಸರಿಪಡಿಸಿ, ಉಡಿಯಿಂದ ದಾರದ ಉಂಡೆ ತೆಗೆದು, ಎಡತೋಳಿಗೆ ಸುತ್ತತೊಡಗಿದಳು. ತಪ್ಪು ತಿದ್ದುವವಳ ಆತುರ ಅವಳ ಕೈಯಲ್ಲಿತ್ತು. ವೇಣಿ ಮಗುವಿನ ಮೂಗಿನ ಕೆಳಗೆ ಬೆರಳಿಟ್ಟಳು. ಬೆರಳು ಬದಲಿಸಿ ಮತ್ತೆ ಇಟ್ಟಳು. ಆಮೇಲೆ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

ಬಸಕ್ಕ ಕೊನೆಯ ಸುತ್ತು ಮುಗಿಸಿ ಗಂಟು ಹಾಕಿದಳು. "ಈಗ ಅಳೀರಿ, ಅಕ್ಕಾರ," ಎಂದಳು.

ವೇಣಿ ಚೀಲದಿಂದ ಪಟ್ಟಿ ತೆಗೆದು ಸುತ್ತಿದಳು. ಹಳದಿಯೇ ಬಂತು.