ಹೊಸ ಹಚ್ಚೆ

"ಕೆರೀಬ್ಯಾಡವ್ವ, ಹಕ್ಕಳಿ ತಾನ ಉದರತೈತಿ," ಎನ್ನುತ್ತ ರೇವವ್ವ ಸೊಸೆ ಸುನೀತಾಳ ಮುಂಗೈ ಹಿಡಿದು ಹೊಸ ಹಚ್ಚೆಗೆ ಕೊಬ್ಬರಿ ಎಣ್ಣೆ ಸವರಿದಳು. ವಿಜಯಪುರದಲ್ಲಿ ಹಾಕಿಸಿಕೊಂಡು ಬಂದಿದ್ದ ನವಿಲುಗರಿ ಹಕ್ಕಳೆಗಟ್ಟಿ ನವೆಯೇಳುತ್ತಿತ್ತು. ಸವರುವ ಕೈಯಲ್ಲೂ ಮೊಣಕೈವರೆಗೆ ಹಚ್ಚೆಯೇ. ತೊಟ್ಟಿಲು, ಚೇಳು ಎಲ್ಲ ಹಸಿರು ಮಾಸಿ ಸುಕ್ಕಿನಲ್ಲಿ ಸೇರಿಹೋಗಿದ್ದವು.

"ನನಗ ಹಾಕಿಸಿದಾಗ ನಮ್ಮವ್ವ ಅರಿಷಿಣ ಬಳದು ಹಿಂಗ ಊದತಿದ್ಲು," ಎಂದು ರೇವವ್ವ ಬಾಗಿ ಮೆಲ್ಲಗೆ ಊದಿದಳು.

ಅಷ್ಟರಲ್ಲಿ ಬಾಗಿಲಲ್ಲಿ ನಗು ಕೇಳಿಸಿತು. ಸಿಂದಗಿಯ ಬ್ಯಾಂಕಿನಲ್ಲಿ ಸುನೀತಾಳ ಜೊತೆ ಕೆಲಸ ಮಾಡುವ ಗೆಳತಿಯರು. "ಎಲ್ಲೈತಿ ಟ್ಯಾಟೂ? ತೋರಸು!" ಎನ್ನುತ್ತಲೇ ಒಳಗೆ ಬಂದರು.

ಹೋದ ಸಲ ಇವರೇ ಬಂದಾಗ ಸುನೀತಾ ಅತ್ತೆಯನ್ನು ಅಡುಗೆಮನೆಗೆ ಕರೆದು, "ಕೈ ಮುಚ್ಗೋರಿ ಅತ್ತಿ, ಆ ಹಚ್ಚಿ ಹಳ್ಳ್ಯಾರ ಹಂಗ ಕಾಣತಾವ," ಎಂದಿದ್ದಳು. ಈಗ ರೇವವ್ವ ಎಣ್ಣೆಯ ಬಟ್ಟಲು ಕೆಳಗಿಟ್ಟು, ಯಾರೂ ಹೇಳದೆಯೇ ಎರಡೂ ಕೈ ಮುಚ್ಚುವಂತೆ ಸೆರಗು ಎಳೆದುಕೊಂಡಳು.

"ಬರ್ರೆವಾ, ನೋಡ್ರಿ, ಭಾಳ ಚಂದ ಐತಿ. ಮುಟ್ಟಬ್ಯಾಡ್ರಿ ಮತ್ತ, ಇನ್ನಾ ಹಸಿ ಐತಿ."

ಸುನೀತಾ ಮುಂಗೈ ಚಾಚಿದಳು. ತಲೆ ಎತ್ತಲು ಮಾತ್ರ ಆಗಲಿಲ್ಲ.