ಹುಡುಕಿ ಹೇಳಿದ ಹೆಸರು

ಬೆಟಗೇರಿ ನೇಕಾರರ ಸಂಘದ ಜಾಲತಾಣದಲ್ಲಿ ‘ನಮ್ಮ ಹಿರಿಯ ನೇಕಾರ’ ಎಂಬಲ್ಲಿ ತಮ್ಮದೇ ಹೆಸರು ಕಂಡು, ಕುಬೇರಪ್ಪ ಆ ಜಾಲತಾಣ ಮಾಡಿದ ಶಾಂಭವಿಯ ಮುಂದೆ ಮೊಬೈಲು ಹಿಡಿದರು. ಅಣ್ಣ ಚನ್ನಬಸವಣ್ಣನನ್ನು ಮಣ್ಣು ಮಾಡಿ ಬಂದ ಕೈಯಲ್ಲಿ ಇನ್ನೂ ವಿಭೂತಿ ಮೆತ್ತಿತ್ತು.

“ಯವ್ವಾ, ಅಣ್ಣನ ಹೆಸರು ಯಾಕ ಅಳಿಸಿದಿ?”

“ನಾ ಅಳಿಸಿಲ್ಲರಿ ಅಜ್ಜಾರ. ಅಲ್ಲಿ ನಾ ಯಾರ ಹೆಸರೂ ಬರದೇ ಇಲ್ಲ. ‘ಈಗ ಇರೋರೊಳಗ ಎಲ್ಲಾರಿಗಿಂತ ಹಿರಿಯರು ಯಾರು’ ಅಂತ ಪ್ರಶ್ನೆ ಅಷ್ಟ ಬರದಿಟ್ಟೀನಿ. ಪುಟ ತೆಗೆದಾಗೆಲ್ಲಾ ಅದು ಸದಸ್ಯರ ಪಟ್ಟಿಯೊಳಗ ಹುಡುಕಿ ಹೇಳತೈತಿ.” ಮುಂಜಾನೆ ಸದಸ್ಯರ ವಿವರದಲ್ಲಿ ಚನ್ನಬಸವಣ್ಣನ ಸಾವಿನ ತಾರೀಖು ತುಂಬಿದ್ದು ಮಾತ್ರ ಅವಳೇ.

“ನನ್ನ ಹೆಸರು ತಗಿ. ಅವನ್ದು ಹಾಕು.”

ಶಾಂಭವಿ ಆ ಪ್ರಶ್ನೆಯನ್ನೇ ಕಿತ್ತುಹಾಕಿ, ಅದರ ಜಾಗದಲ್ಲಿ ಚನ್ನಬಸವಣ್ಣ ಎಂದು ಬರೆದಳು. ಅಣ್ಣನ ಹೆಸರು ಮೊಬೈಲಿನಲ್ಲಿ ಮೊದಲಿನಂತೆಯೇ ಮೂಡಿತು. ಸೀರೆಯ ಅಂಚಿನಲ್ಲಿ ಗಂಟು ಹುಡುಕುವವರ ಹಾಗೆ ಕುಬೇರಪ್ಪ ಅದರ ಮೇಲೆ ಹೆಬ್ಬೆರಳಾಡಿಸಿದರು.

“ಇದು ಅದು ಹುಡುಕಿ ಹೇಳಿದ್ದೋ, ನೀ ಬರದದ್ದೋ?”

ಸುಳ್ಳು ಹೇಳಲು ಅವಳಿಂದಾಗಲಿಲ್ಲ. “ನಾ ಬರದದ್ದರಿ.”

ಕುಬೇರಪ್ಪ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದರು. “ಹಂಗಾರ ಅಣ್ಣ ತಿರುಗಿ ಬಂದಿಲ್ಲ ಬಿಡವಾ.”